ಮೊದಲ ಸಲ ಪೋರ್ಚುಗಲ್‌ಗೆ, ಜೊತೆಗೆ ಅತ್ತೆ ಮತ್ತು ಮಗಳು: ಪ್ಲಾನ್ ನೋಡಿ ಹೇಳಿ

ಫಿಲ್ಟರ್_ಕಾಫಿ

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್ ಕೊನೆಗೆ, ಮಗಳಿಗೆ ಬೇಸಿಗೆ ರಜೆ ಇರುವಾಗ, ಯುರೋಪ್‌ಗೆ ಹೋಗಿ ಬರೋಣ ಅಂತ ಮಾಡಿದ್ದೇವೆ. ನಾನು, ಗಂಡ, 9 ವರ್ಷದ ಮಗಳು, 68 ವರ್ಷದ ಅತ್ತೆ. ಊರು ಬೆಂಗಳೂರು. ಮನೆಯಲ್ಲಿ ಯಾರೂ ಇದುವರೆಗೆ ಯುರೋಪ್ ನೋಡಿಲ್ಲ. ಸಂಬಂಧಿಕರೆಲ್ಲ ಪ್ಯಾರಿಸ್, ಸ್ವಿಟ್ಜರ್‌ಲೆಂಡ್ ಅನ್ನುತ್ತಾರೆ. ನನಗೆ ಮಾತ್ರ ಪೋರ್ಚುಗಲ್ ಮೇಲೆ ಕಣ್ಣು. ಖರ್ಚು ಕಮ್ಮಿ, ಬಿಸಿಲೂ ಇರುತ್ತದೆ ಅಂತ ಕೇಳಿದ್ದೇನೆ.

ಸಿಗುವುದು 12 ರಾತ್ರಿ. ಈಗಿನ ಪ್ಲಾನ್ ಹೀಗಿದೆ: ಲಿಸ್ಬನ್ 2, ಪೋರ್ಟೊ 2, ಆಲ್ಗಾರ್ವ್ ಕಡಲತೀರ 2, ಆಮೇಲೆ ಸ್ಪೇನ್‌ಗೆ ದಾಟಿ ಸೆವಿಲ್ 1, ಮ್ಯಾಡ್ರಿಡ್ 2, ಬಾರ್ಸಿಲೋನಾ 3. ಅಷ್ಟು ದೂರ ಹೋದ ಮೇಲೆ ಸ್ಪೇನ್ ಬಿಟ್ಟು ಬಂದರೆ ಹೇಗೆ ಅಂತ ಯಜಮಾನರ ವಾದ.

ಎರಡು ತೊಂದರೆ. ಅತ್ತೆಗೆ ಮಂಡಿ ನೋವು, ನಿಧಾನವಾಗಿ ನಡೆಯುತ್ತಾರೆ. ಮತ್ತೆ ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ವೀಸಾ, ಊಟ, ಊರುಗಳ ಬಗ್ಗೆ ಹೋಗಿ ಬಂದವರು ನೇರವಾಗಿ ಹೇಳಿ. ಬೈದರೂ ಪರವಾಗಿಲ್ಲ.

ಡಬ್ಲಿನ್_ಕನ್ನಡಿಗ

ಬೈಯಲು ಅನುಮತಿ ಕೊಟ್ಟಿದ್ದೀರಿ, ಹಾಗಾಗಿ ಹೇಳುತ್ತೇನೆ. 12 ರಾತ್ರಿಗೆ ಆರು ಊರು ಅಂದರೆ ಐದು ಸಲ ಸೂಟ್‌ಕೇಸ್ ಕಟ್ಟುವುದು, ಐದು ಸಲ ಬಿಚ್ಚುವುದು. ಅದೂ ಮಂಡಿ ನೋವಿನವರನ್ನು ಕರೆದುಕೊಂಡು. ನಕ್ಷೆಯಲ್ಲಿ ಲಿಸ್ಬನ್ ಮತ್ತು ಮ್ಯಾಡ್ರಿಡ್ ಅಕ್ಕಪಕ್ಕ ಕಾಣುತ್ತವೆ. ಎರಡರ ನಡುವೆ ನೇರ ರೈಲೇ ಇಲ್ಲ. ಮೊದಲು ರಾತ್ರಿ ರೈಲು ಒಂದಿತ್ತು, 2020ರಲ್ಲಿ ನಿಂತಿದ್ದು ಮತ್ತೆ ಶುರುವಾಗಲಿಲ್ಲ. ಸುಲಭ ದಾರಿ ಅಂದರೆ ವಿಮಾನ ಅಥವಾ ಗಂಟೆಗಟ್ಟಲೆ ಬಸ್ಸು. ಆಲ್ಗಾರ್ವ್‌ನಿಂದ ಸೆವಿಲ್‌ಗೂ ರೈಲಿಲ್ಲ, ಬಸ್ಸಿದೆ.

ಸ್ಪೇನ್ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಈ ಸಲ ಲಿಸ್ಬನ್, ಪೋರ್ಟೊ, ಬೇಕಿದ್ದರೆ ಇನ್ನೊಂದು ಊರು.

ಲೆಕ್ಕಾಚಾರಿ

ಮೇಲಿನವರ ಮಾತಿಗೆ ನನ್ನದೂ ಒಂದು ವೋಟು. ವೀಸಾ ವಿಷಯ ನಾನು ಹೇಳುತ್ತೇನೆ.

ಪೋರ್ಚುಗಲ್ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿನದ್ದು. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎರಡೂ ಕಡೆ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ನಿಮ್ಮ ಪ್ಲಾನ್‌ನಲ್ಲಿ ಪೋರ್ಚುಗಲ್ 6, ಸ್ಪೇನ್ 6. ಒಂದು ರಾತ್ರಿ ಆಚೆ ಈಚೆ ಆದರೂ ಅರ್ಜಿ ಹಾಕಬೇಕಾದ ದೇಶವೇ ಬದಲಾಗಬಹುದು. ಮೊದಲ ಅರ್ಜಿಗೆ ಈ ಗೊಂದಲ ಯಾಕೆ? ಒಂದೇ ದೇಶ ಅಂದರೆ ಕಾಗದ ಪತ್ರವೂ ಸಲೀಸು.

ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12ರ ಒಳಗಿನ ಮಕ್ಕಳಿಗೆ 45. 2024ರ ಜೂನ್‌ನಿಂದ ಈ ದರ. ಅರ್ಜಿ ತೆಗೆದುಕೊಳ್ಳುವ ಕೇಂದ್ರದವರ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ದುಡ್ಡು ವಾಪಸ್ ಇಲ್ಲ. ಹೊರಡುವ ದಿನಕ್ಕೆ 6 ತಿಂಗಳ ಮೊದಲೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗಬೇಕು, ಆದರೆ 45 ದಿನದವರೆಗೂ ಎಳೆಯಲು ನಿಯಮದಲ್ಲೇ ಅವಕಾಶ ಇದೆ. ಏಪ್ರಿಲ್ ಪ್ರಯಾಣಕ್ಕೆ ಮಾರ್ಚ್‌ನಲ್ಲಿ ಅಪಾಯಿಂಟ್‌ಮೆಂಟ್ ಹುಡುಕುತ್ತಾ ಕೂರಬೇಡಿ, ಬೇಸಿಗೆ ರಜೆಗೆ ಅರ್ಧ ಬೆಂಗಳೂರು ಅಲ್ಲೇ ನಿಂತಿರುತ್ತದೆ. ಜನವರಿಯಲ್ಲೇ ಮುಗಿಸಿಕೊಳ್ಳಿ.

ಪ್ರಯಾಣ ವಿಮೆ ಕಡ್ಡಾಯ, ಕನಿಷ್ಠ 30,000 ಯೂರೋ ಮೊತ್ತದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯ ಆಗುವಂಥದ್ದು. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್, ಆಫೀಸಿನ ರಜೆ ಪತ್ರ, ಹೋಟೆಲ್ ಬುಕಿಂಗ್. ಅತ್ತೆಯ ಖರ್ಚು ನೀವೇ ನೋಡಿಕೊಳ್ಳುವುದಾದರೆ ಅದನ್ನು ಪತ್ರದಲ್ಲಿ ಬರೆದು, ಸಂಬಂಧ ತೋರಿಸುವ ದಾಖಲೆ ಸೇರಿಸಿ. ಅರ್ಜಿಗೆ ಸ್ವಲ್ಪ ಮುಂಚೆ ಖಾತೆಗೆ ಯಾರಿಂದಲೋ ಐದು ಲಕ್ಷ ತಂದು ಹಾಕುವ ಕೆಲಸ ಮಾಡಬೇಡಿ. ಅದು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಹೋಟೆಲ್‌ಗಳನ್ನು ವೀಸಾ ಬರುವ ತನಕ ರದ್ದು ಮಾಡಲು ಬರುವ ಹಾಗೆ ಬುಕ್ ಮಾಡಿ.

ಟೂರ್_ಬಸ್_ಪ್ರೇಮಿ

ಎಲ್ಲರೂ ಸ್ವಂತ ಪ್ಲಾನ್ ಅನ್ನುತ್ತಿದ್ದೀರಿ. 68 ವರ್ಷದವರನ್ನು ಕರೆದುಕೊಂಡು ಮೊದಲ ಸಲ ಹೋಗುವಾಗ ಗ್ರೂಪ್ ಟೂರ್ ಸುಲಭ ಅಲ್ವಾ? ಇಂಡಿಯನ್ ಊಟ ಸಿಗುತ್ತದೆ, ಸಾಮಾನು ಹೊರುವುದಿಲ್ಲ, ಭಾಷೆಯ ತಲೆನೋವಿಲ್ಲ. ನಮ್ಮ ತಂದೆ ತಾಯಿಯನ್ನು ಹಾಗೇ ಕಳಿಸಿದ್ದೆವು. ಖುಷಿಯಾಗಿ ಬಂದರು.

ಲಿಸ್ಬನ್_ವಾಸಿ

ಗ್ರೂಪ್ ಟೂರ್ ಕೆಟ್ಟದ್ದು ಅಂತ ಹೇಳುವುದಿಲ್ಲ. ಆದರೆ ಬೆಳಿಗ್ಗೆ 7ಕ್ಕೆ ಬಸ್ಸಿನಲ್ಲಿ ಇರಬೇಕು, ಇಳಿದ ಕಡೆ ನಲವತ್ತು ಜನರ ವೇಗಕ್ಕೆ ನಡೆಯಬೇಕು. ಮಂಡಿ ನೋವಿನವರಿಗೆ ಅದೇ ಕಷ್ಟ. ಸ್ವಂತವಾಗಿ ಹೋದರೆ ಮಧ್ಯಾಹ್ನ ರೂಮಿಗೆ ಬಂದು ಮಲಗಬಹುದು.

ನಾನು ಇಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಊರಿಂದ ಬಂದ ನೆಂಟರನ್ನು ಸುತ್ತಿಸುವುದೇ ನನ್ನ ಎರಡನೇ ಕೆಲಸ. ಲಿಸ್ಬನ್ ಏಳು ಬೆಟ್ಟಗಳ ಊರು ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಫುಟ್‌ಪಾತ್ ಪೂರ್ತಿ ಸಣ್ಣ ಸಣ್ಣ ಬಿಳಿ ಸುಣ್ಣದಕಲ್ಲು. ನೋಡಲು ಚೆಂದ, ಮಳೆ ಬಿದ್ದರೆ ಎಣ್ಣೆ ಚೆಲ್ಲಿದ ಅಡುಗೆಮನೆ ನೆಲದ ಹಾಗೆ ಜಾರುತ್ತದೆ. ಅತ್ತೆಗೆ ಚಪ್ಪಲಿ ಬೇಡ, ರಬ್ಬರ್ ಅಡಿಯ ಶೂ ಕೊಡಿಸಿ, ಹೊರಡುವ ಎರಡು ತಿಂಗಳ ಮೊದಲೇ ಹಾಕಿ ಅಭ್ಯಾಸ ಆಗಲಿ.

ಉಳಿಯಲು ಅಲ್ಫಾಮಾ ಅನ್ನುವ ಹಳೇ ಬಡಾವಣೆ ಬೇಡ. ಫೋಟೋದಲ್ಲಿ ಮರುಳಾಗುತ್ತೀರಿ, ಆಮೇಲೆ ಟ್ಯಾಕ್ಸಿ ಒಳಗೆ ಬರುವುದಿಲ್ಲ, ಮೆಟ್ಟಿಲ ಮೇಲೆ ಸೂಟ್‌ಕೇಸ್ ಹೊತ್ತು ನಡೆಯುತ್ತೀರಿ. ಬೈಶಾ ಸಮತಟ್ಟಾದ ಜಾಗ. 1755ರ ನವೆಂಬರ್ 1ರ ಭೂಕಂಪದಲ್ಲಿ ಊರು ನೆಲಸಮ ಆದ ಮೇಲೆ ನೇರ ರಸ್ತೆ ಹಾಕಿ ಹೊಸದಾಗಿ ಕಟ್ಟಿದ ಭಾಗ ಅದು. ಇಲ್ಲ ಅಂದರೆ ಸಲ್ದಾನ್ಯಾ ಕಡೆ ನೋಡಿ, ವಿಮಾನ ನಿಲ್ದಾಣದಿಂದ ಕೆಂಪು ಮೆಟ್ರೋ ನೇರ ಅಲ್ಲಿಗೇ ಬರುತ್ತದೆ. ಎಲ್ಲಿಯೇ ಆಗಲಿ, ಲಿಫ್ಟ್ ಇದೆಯಾ ಅಂತ ಮೊದಲು ಕೇಳಿ. ಹಳೇ ಕಟ್ಟಡಗಳಲ್ಲಿ ಬಹಳ ಕಡೆ ಇಲ್ಲ.

ಹತ್ತುವ ಕಷ್ಟ ತಪ್ಪಿಸಲು ಊರವರ ಉಪಾಯಗಳಿವೆ. ಬೈಶಾ-ಶಿಯಾದು ಮೆಟ್ರೋ ನಿಲ್ದಾಣದ ಒಳಗಿನ ಎಸ್ಕಲೇಟರ್ ಹಿಡಿದರೆ ಟಿಕೆಟ್ ಇಲ್ಲದೇ ಕೆಳಗಿನ ಬೈಶಾದಿಂದ ಮೇಲಿನ ಶಿಯಾದುಗೆ ಏರಬಹುದು. ಕೋಟೆ ಕಡೆಗೆ ಹೋಗಲು ಫಂಕೆಯ್ರುಸ್ ರಸ್ತೆಯ ಒಂದು ಕಟ್ಟಡದ ಒಳಗೆ ಸಾರ್ವಜನಿಕ ಲಿಫ್ಟ್ ಇದೆ, ಅದೂ ಉಚಿತ. 

ಕಡಲತಡಿ

ಮಂಗಳೂರಿನಿಂದ ನಮಸ್ಕಾರ. ನಾನು ಪೋರ್ಚುಗಲ್‌ಗೆ ಹೋಗಿದ್ದು ಇತಿಹಾಸಕ್ಕಾಗಿ. ಹಾಗಾಗಿ ಲಿಸ್ಬನ್‌ನ ನದಿ ದಡದ ಬೆಲೆಂ ಬಗ್ಗೆ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ.

1497ರಲ್ಲಿ ವಾಸ್ಕೋ ಡ ಗಾಮಾ ಹೊರಟಿದ್ದು ಈ ಬೆಲೆಂ ದಡದಿಂದ. ಜೆರೋನಿಮೋಸ್ ಮಠದ ಚರ್ಚಿನಲ್ಲಿ ಬಾಗಿಲ ಹತ್ತಿರವೇ ಅವನ ಸಮಾಧಿ ಇದೆ. ಚರ್ಚಿನ ಒಳಗೆ ಹೋಗಲು ಟಿಕೆಟ್ ಬೇಡ, ಮಠದ ಅಂಗಳಕ್ಕೆ ಬೇಕು. ಸೋಮವಾರ ರಜೆ. ಕಲ್ಲಿಕೋಟೆಯಿಂದ ವಾಪಸ್ ಹೊರಟವನು 1498ರಲ್ಲಿ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದ. ಕಾರವಾರದ ಕಡೆಯವರಿಗೆ ಆ ಸಮಾಧಿ ಎದುರು ನಿಂತಾಗ ಏನೋ ಒಂಥರಾ ಆಗುತ್ತದೆ.

ಹತ್ತಿರದಲ್ಲೇ ಎತ್ತರದ ಕಂಬದ ಮೇಲೆ ಅಫೋನ್ಸೊ ಡಿ ಅಲ್ಬುಕರ್ಕ್ ಪ್ರತಿಮೆ ಇದೆ. 1510ರಲ್ಲಿ ಗೋವಾ ಹಿಡಿದವನು. ಅವನಿಗೆ ಗೋವಾ ಮೇಲೆ ಹೋಗು ಅಂತ ಹೇಳಿ ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರು ಬರೆದಿಟ್ಟಿರುವ ಹಾಗೆ ತಿಮೋಜಾ. ಅಲ್ಲಿ ಕಂಬದ ಮೇಲೆ ಇರುವವನು ಅಲ್ಬುಕರ್ಕ್ ಒಬ್ಬನೇ. ಆಮೇಲೆ ಅದೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಡಿದಾಡಿದ ಉಳ್ಳಾಲದ ಅಬ್ಬಕ್ಕನ ಕತೆ ನಿಮ್ಮ ಮಗಳಿಗೆ ಹೋಗುವ ಮೊದಲೇ ಹೇಳಿ. ನದಿ ದಡದ ದೊಡ್ಡ ಸ್ಮಾರಕದಲ್ಲಿ ನಾವಿಕರೆಲ್ಲ ವೀರರ ಹಾಗೆ ನಿಂತಿದ್ದಾರೆ. ಮಗುವಿಗೆ ಎರಡೂ ಕಡೆಯ ಕತೆ ಗೊತ್ತಿರಲಿ.

ಇನ್ನೊಂದು. ಏಪ್ರಿಲ್ ಕೊನೆ ಅಂದಿರಿ. 25ರಂದು ಲಿಸ್ಬನ್‌ನಲ್ಲೇ ಇರುವ ಹಾಗೆ ನೋಡಿಕೊಳ್ಳಿ. 1974ರ ಏಪ್ರಿಲ್ 25ಕ್ಕೆ ಸೈನಿಕರು ಸರ್ವಾಧಿಕಾರ ಕಿತ್ತೊಗೆದರು, ಜನ ಬಂದೂಕಿನ ಬಾಯಿಗೆ ಕೆಂಪು ಕಾರ್ನೇಶನ್ ಹೂ ಇಟ್ಟರು. ಪ್ರತಿ ವರ್ಷ ಅವೆನಿದಾ ದಾ ಲಿಬೆರ್‌ದಾದ್ ರಸ್ತೆಯಲ್ಲಿ ಮೆರವಣಿಗೆ ಇರುತ್ತದೆ. ನಮಗೂ ಇದರಲ್ಲಿ ಪಾಲಿದೆ. ಗೋವಾ 1961ರಲ್ಲಿ ಭಾರತಕ್ಕೆ ಸೇರಿದರೂ ಪೋರ್ಚುಗಲ್ ಅದನ್ನು ಒಪ್ಪಿದ್ದು ಈ ಕ್ರಾಂತಿ ಆದ ಮೇಲೆ, 1974ರ ಕೊನೆಯಲ್ಲಿ.

ಫಿಲ್ಟರ್_ಕಾಫಿ

ಅಯ್ಯೋ, ಇಷ್ಟೊಂದು ಮಾಹಿತಿ! ಯಜಮಾನರಿಗೆ ಓದಿಸಿದೆ. ಮ್ಯಾಡ್ರಿಡ್‌ಗೆ ರೈಲಿಲ್ಲ ಅಂದ ಮೇಲೆ ಅವರ ದನಿ ತಗ್ಗಿದೆ. ಬಾರ್ಸಿಲೋನಾ ಮಾತ್ರ ಇನ್ನೂ ಹಿಡಿದುಕೊಂಡಿದ್ದಾರೆ. ಊಟದ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಎಲ್ಲದರಲ್ಲೂ ಮೀನು ಅಂತೆ?

ಉಪ್ಪಿಟ್ಟು_ವಿರೋಧಿ

ಎಲ್ಲದರಲ್ಲೂ ಮೀನಲ್ಲ. ಮೀನಿಲ್ಲದ್ದರಲ್ಲಿ ಹಂದಿ ಮಾಂಸ. ತಮಾಷೆ ಬಿಡಿ, ಶುದ್ಧ ಸಸ್ಯಾಹಾರಕ್ಕೆ ಇಟಲಿ ಇನ್ನೂ ಸುಲಭ, ಪಿಜ್ಜಾ ಪಾಸ್ತಾ ಎಲ್ಲಿ ಬೇಕಾದರೂ ಸಿಗುತ್ತದೆ. ಪೋರ್ಚುಗಲ್‌ನಲ್ಲಿ ಸ್ವಲ್ಪ ತಯಾರಿ ಬೇಕು, ಅಷ್ಟೇ.

ಹಳೇ ಮಾದರಿಯ ಹೋಟೆಲ್‌ಗಳಲ್ಲಿ ಎಚ್ಚರ. ಕಾಲ್ದೊ ವೆರ್ದ್ ಅಂತ ಹಸಿರು ಸೊಪ್ಪು, ಆಲೂಗಡ್ಡೆಯ ಸೂಪ್ ಇದೆ, ನೋಡಿದರೆ ನಮ್ಮದೇ ಅನ್ನಿಸುತ್ತದೆ, ಮೇಲೆ ಹಂದಿ ಸಾಸೇಜ್‌ನ ಒಂದು ಚೂರು ತೇಲುತ್ತಿರುತ್ತದೆ. ‘ಸೆಂ ಕಾರ್ನ್, ಸೆಂ ಪೆಯ್ಶ್, ಸೆಂ ಓವೊ’ ಅಂತ ಬಾಯಿಪಾಠ ಮಾಡಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಫೋನಿನಲ್ಲಿ ಬರೆದು ತೋರಿಸಿದರೆ ಇನ್ನೂ ಒಳ್ಳೆಯದು. ಟೊಮೇಟೊ ಅನ್ನ, ಹುರುಳಿಕಾಯಿ, ಆಲೂಗಡ್ಡೆ, ಸಲಾಡ್, ಬ್ರೆಡ್ಡು ಬಹುತೇಕ ಕಡೆ ಸಿಗುತ್ತದೆ. ಊರಿನ ಹೆಸರುವಾಸಿ ಪಾಸ್ತೆಲ್ ದ ನಾತಾ ಪೂರ್ತಿ ಮೊಟ್ಟೆ ಹಳದಿ, ಅತ್ತೆಗೆ ಆಗುವುದಿಲ್ಲ, ನೀವು ಬೆಲೆಂನಲ್ಲಿ 1837ರಿಂದ ಇರುವ ಅಂಗಡಿಯಲ್ಲಿ ಬಿಸಿಬಿಸಿ ತಿನ್ನಿ. ಅಲ್ಲಿ ಪಾರ್ಸೆಲ್ ಸಾಲು ಉದ್ದ ಇರುತ್ತದೆ, ಒಳಗೆ ಕೂತು ತಿನ್ನುವ ಸಾಲು ಬೇಗ ಸಾಗುತ್ತದೆ.

ಅತ್ತೆಗೆ ಚೀಸ್ ಆಗುತ್ತದಾ? ಯುರೋಪಿನ ಬಹಳಷ್ಟು ಚೀಸ್‌ನಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ಕಿಣ್ವ ಹಾಕುತ್ತಾರೆ. ಆದರೆ ಪೋರ್ಚುಗಲ್‌ನ ಸೆರ್ರಾ ದಾ ಎಸ್ತ್ರೆಲಾ, ಅಜೆಯ್ತಾಂವ್ ಎಂಬ ಕುರಿ ಹಾಲಿನ ಚೀಸ್‌ಗಳನ್ನು ಒಂದು ಬಗೆಯ ಮುಳ್ಳುಗಿಡದ ಹೂವಿನಿಂದ ಒಡೆಸುತ್ತಾರೆ. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು. ಕುರಿ ಹಾಲು ಅಂತ ಮೂಗು ಮುರಿದರೆ ಅದು ನನ್ನ ಕೈಲಿಲ್ಲ.

ಕೂತ ತಕ್ಷಣ ಕೇಳದೇ ಬ್ರೆಡ್, ಆಲಿವ್, ಬೆಣ್ಣೆ ತಂದಿಡುತ್ತಾರೆ. ಅದು ಉಚಿತ ಅಲ್ಲ. ಮುಟ್ಟದಿದ್ದರೆ ದುಡ್ಡಿಲ್ಲ, ಬೇಡ ಅಂತ ಹೇಳಿ ವಾಪಸ್ ಕಳಿಸಬಹುದು.

ಲಿಸ್ಬನ್_ವಾಸಿ

ಇದಕ್ಕೆ ಸೇರಿಸುತ್ತೇನೆ. ಲಿಸ್ಬನ್‌ನ ಮಾರ್ಟಿಂ ಮೊನೀಸ್ ಚೌಕದ ಸುತ್ತಮುತ್ತ ಭಾರತ, ಬಾಂಗ್ಲಾ, ನೇಪಾಳದವರ ಅಂಗಡಿಗಳು ಸಾಲಾಗಿ ಇವೆ. ಬೇಳೆ, ಅಕ್ಕಿ, ಹಸಿಮೆಣಸು, ಕೊತ್ತಂಬರಿ ಎಲ್ಲಾ ಸಿಗುತ್ತದೆ. ಊರಿನ ಉತ್ತರಕ್ಕೆ ರಾಧಾಕೃಷ್ಣ ದೇವಸ್ಥಾನ ಇದೆ, ಅಲ್ಲೇ ಸಸ್ಯಾಹಾರಿ ಊಟದ ಕ್ಯಾಂಟೀನ್ ಕೂಡ. ಮೊಜಾಂಬಿಕ್‌ನಿಂದ ಬಂದ ಗುಜರಾತಿ ಕುಟುಂಬಗಳು ಕಟ್ಟಿದ್ದು, ಹಾಗಾಗಿ ದಾಲ್ ಸಿಹಿ ಇರುತ್ತದೆ, ಮೊದಲೇ ಹೇಳಿದ್ದೇನೆ. ತೆರೆದಿರುವ ಸಮಯ ನೋಡಿಕೊಂಡು ಹೋಗಿ. ಅತ್ತೆಗೆ ಒಂದು ದಿನ ಅಲ್ಲಿ ಕೂರಿಸಿದರೆ ಉಳಿದ ವಾರ ಸಲೀಸು.

ಹೋಟೆಲ್ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಬೆಳಿಗ್ಗೆ ಅವಲಕ್ಕಿ, ರಾತ್ರಿ ಅನ್ನ ಸಾರು. ಹೊರಗೆ ಒಂದು ಹೊತ್ತು ತಿಂದರೆ ಸಾಕು, ಖರ್ಚೂ ಇಳಿಯುತ್ತದೆ. ನಲ್ಲಿ ನೀರು ಕುಡಿಯಬಹುದು. ಕಾಫಿ ಹೆಸರಿಟ್ಟುಕೊಂಡವರಿಗೆ: ಕೆಫೆಯಲ್ಲಿ ‘ಗಲಾಂವ್’ ಕೇಳಿ, ಉದ್ದ ಗ್ಲಾಸಿನಲ್ಲಿ ಹಾಲು ಕಾಫಿ ಬರುತ್ತದೆ. ಡಿಕಾಕ್ಷನ್ ರುಚಿ ನಿರೀಕ್ಷಿಸಬೇಡಿ.

ಲೆಕ್ಕಾಚಾರಿ

ಸಾಮಾನು ಕಟ್ಟುವ ಮೊದಲು ಗಮನಿಸಿ. ಹೊರಗಿನ ದೇಶಗಳಿಂದ ಯುರೋಪಿಯನ್ ಒಕ್ಕೂಟಕ್ಕೆ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಇರಲಿ. ಹಸಿ ತರಕಾರಿ, ಹಣ್ಣು, ಸೊಪ್ಪಿಗೂ ಪ್ರಮಾಣಪತ್ರ ಬೇಕು, ಅಂದರೆ ಹಸಿ ಕರಿಬೇವು ಬೇಡ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿಗೆ ತೊಂದರೆ ಇಲ್ಲ.

ದುಡ್ಡು: ಒಂದು ಯೂರೋಗೆ ನೂರು ರೂಪಾಯಿಗಿಂತ ಸ್ವಲ್ಪ ಮೇಲೆ ಇಟ್ಟುಕೊಂಡು ಬಜೆಟ್ ಹಾಕಿ. ಎಟಿಎಂನಲ್ಲಿ ‘ಮುಲ್ತಿಬಾಂಕು’ ಗುರುತು ಇರುವುದನ್ನೇ ಬಳಸಿ. ರೂಪಾಯಿಯಲ್ಲಿ ಕಡಿತ ಮಾಡಲಾ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ, ಯೂರೋದಲ್ಲೇ ಆಗಲಿ. ಲಿಸ್ಬನ್‌ನಲ್ಲಿ ಪ್ರವಾಸಿ ತೆರಿಗೆ ಒಬ್ಬರಿಗೆ ರಾತ್ರಿಗೆ 4 ಯೂರೋ, ಪೋರ್ಟೊದಲ್ಲಿ 3. ಮಗಳಿಗೆ ಇಲ್ಲ. ರೈಲಿನಲ್ಲಿ 65 ದಾಟಿದವರಿಗೂ 12ರವರೆಗಿನ ಮಕ್ಕಳಿಗೂ ಅರ್ಧ ಟಿಕೆಟ್, ಅತ್ತೆಯ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ ಮೇಲೆ ಹೋದರೆ ಪಾಸ್‌ಪೋರ್ಟ್ ತಪಾಸಣೆ ಲಿಸ್ಬನ್‌ನಲ್ಲಿ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಅಲ್ಲೇ ಆಗಿಬಿಡುತ್ತದೆ, ಹಾಗಾಗಿ ಅಲ್ಲಿ ಒಂದೂವರೆ ಗಂಟೆಯ ಕನೆಕ್ಷನ್ ಹಿಡಿಯಬೇಡಿ, ಮೂರು ಗಂಟೆ ಇರಲಿ. ಈಗ ಬೆರಳಚ್ಚು, ಫೋಟೋ ತೆಗೆಯುವ ಹೊಸ ವ್ಯವಸ್ಥೆಯೂ ಬಂದಿದೆ. ಅತ್ತೆಗೆ ವೀಲ್‌ಚೇರ್ ಸಹಾಯ ಟಿಕೆಟ್ ಮಾಡುವಾಗಲೇ ಕೇಳಿ. ಅದಕ್ಕೆ ದುಡ್ಡಿಲ್ಲ.

ಡಬ್ಲಿನ್_ಕನ್ನಡಿಗ

ಆಲ್ಗಾರ್ವ್ ಬಗ್ಗೆ ಒಂದು ಮಾತು. ನಾವು ಅಲ್ಲಿಗೆ ಆಗಾಗ ಹೋಗುತ್ತೇವೆ, ಡಬ್ಲಿನ್‌ನ ಮಳೆ ತಿಂದವರಿಗೆ ಅದು ಸ್ವರ್ಗ. ಲಾಗುಶ್ ಹತ್ತಿರದ ಬಂಡೆಗಳು ನಿಜವಾಗಿ ಚೆಂದ. ಆದರೆ ಏಪ್ರಿಲ್‌ನಲ್ಲಿ ಅಟ್ಲಾಂಟಿಕ್ ನೀರು ಕಾಲಿಟ್ಟರೆ ಮರಗಟ್ಟುತ್ತದೆ. ಮಲ್ಪೆ, ಗೋಕರ್ಣದಲ್ಲಿ ಆಡಿ ಬೆಳೆದವರು ಸಮುದ್ರಕ್ಕಾಗಿ ಅಲ್ಲಿಗೆ ಹೋಗುವ ಅಗತ್ಯ ಇಲ್ಲ. ಎಲ್ಲರೂ ಫೋಟೋ ಹಾಕುವ ಬೆನಾಜಿಲ್ ಗುಹೆಯಲ್ಲೂ ಈಗ ಮರಳ ಮೇಲೆ ಇಳಿಯಲು ಬಿಡುವುದಿಲ್ಲ.

ಅದರ ಬದಲು ಪೋರ್ಟೊಗೆ ಒಂದು ರಾತ್ರಿ ಜಾಸ್ತಿ ಕೊಡಿ. ಲಿಸ್ಬನ್‌ನಿಂದ ಆಲ್ಫಾ ಪೆಂಡುಲಾರ್ ರೈಲಿನಲ್ಲಿ ಮೂರು ಗಂಟೆ. ಸಾಂವ್ ಬೆಂತೊ ರೈಲು ನಿಲ್ದಾಣದ ಗೋಡೆ ತುಂಬ ನೀಲಿ ಹೆಂಚಿನ ಚಿತ್ರ, ಸುಮಾರು 20,000 ಹೆಂಚು, ನೋಡಲು ದುಡ್ಡೂ ಇಲ್ಲ ನಡೆಯುವುದೂ ಇಲ್ಲ. 1886ರ ಕಬ್ಬಿಣದ ಸೇತುವೆಯ ಮೇಲಿನ ಅಂತಸ್ತು ಸಮತಟ್ಟು, ಅತ್ತೆ ಆರಾಮಾಗಿ ದಾಟಬಹುದು. ಒಂದು ಗಂಟೆಯ ಒಳಗೆ ಮುಗಿಯುವ ದೋಣಿ ಸುತ್ತಾಟವೂ ಇದೆ. ಒಂದು ದಿನ ಅವೇರೊಗೆ ಹೋಗಿ. ಕಾಲುವೆಗಳ ಊರು, ಬೆಟ್ಟ ಇಲ್ಲ, ಲೋಕಲ್ ರೈಲಿನಲ್ಲಿ ಒಂದು ಗಂಟೆ ಆಸುಪಾಸು.

ಉಪ್ಪಿಟ್ಟು_ವಿರೋಧಿ

ಅವೇರೊಗಿಂತ ದೋರೊ ಕಣಿವೆಯ ರೈಲು ಹತ್ತು ಪಾಲು ಮೇಲು. ಪೋರ್ಟೊದಿಂದ ಪಿನ್ಯಾಂವ್‌ಗೆ ಎರಡೂವರೆ ಗಂಟೆ, ನದಿಯ ಪಕ್ಕಕ್ಕೇ ಓಡುತ್ತದೆ, ಆಚೆ ದಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಕೂತೇ ನೋಡುವ ಜಾಗ, ಮಂಡಿಗೆ ಕೆಲಸವೇ ಇಲ್ಲ.

ಲಿಸ್ಬನ್_ವಾಸಿ

ಲಿಸ್ಬನ್ ಹತ್ತಿರದ ಅರಮನೆಗಳ ಊರು ಸಿಂತ್ರಾ ಬಿಡಬೇಡಿ, ಆದರೆ ಒಂದೇ ದಿನ ಐದು ಅರಮನೆ ಅಂತ ಹೊರಡಬೇಡಿ. ಲಿಸ್ಬನ್‌ನ ರೊಸಿಯೊ ನಿಲ್ದಾಣದಿಂದ ರೈಲಿನಲ್ಲಿ 40 ನಿಮಿಷ. ಪೆನಾ ಅರಮನೆ ಬಣ್ಣಬಣ್ಣದ್ದು, ಮಗಳಿಗೆ ಹಿಡಿಸುತ್ತದೆ. ಒಳಗೆ ಹೋಗಲು ಸಮಯ ನಮೂದಿಸಿದ ಟಿಕೆಟ್, ಮೊದಲೇ ತೆಗೆದುಕೊಳ್ಳಿ. ಗೇಟಿನಿಂದ ಅರಮನೆವರೆಗೆ ಕಡಿದಾದ ದಾರಿ, ಒಳಗೇ ಸಣ್ಣ ಬಸ್ಸಿದೆ, ಅದಕ್ಕೂ ಟಿಕೆಟ್ ಸೇರಿಸಿ. ಜನಜಂಗುಳಿ ಬೇಡ ಅಂದರೆ ಮೊನ್ಸೆರಾಟ್ ಅರಮನೆಗೆ ಹೋಗಿ, ಒಳಗಿನ ಕೆತ್ತನೆಯಲ್ಲಿ ನಮ್ಮ ಕಡೆಯ ಛಾಯೆ ಕಾಣುತ್ತದೆ. ನನಗೆ ಪೆನಾಗಿಂತ ಅದೇ ಇಷ್ಟ.

ಮಗಳಿಗಾಗಿ ಇನ್ನೊಂದು: ಲಿಸ್ಬನ್‌ನ ಒರಿಯೆಂತ್ ನಿಲ್ದಾಣದ ಹತ್ತಿರ ಓಶಿಯನೇರಿಯಂ, ಅಂದರೆ ದೊಡ್ಡ ಅಕ್ವೇರಿಯಂ. 1998ರ ವಿಶ್ವ ಮೇಳಕ್ಕೆ ಕಟ್ಟಿದ ಪ್ರದೇಶ, ಪೂರ್ತಿ ಸಮತಟ್ಟು.

ಫಿಲ್ಟರ್_ಕಾಫಿ

ಮನೆಯಲ್ಲಿ ಮತದಾನ ಆಯಿತು. ಮೂರಕ್ಕೆ ಒಂದು, ಸ್ಪೇನ್ ಬಿದ್ದುಹೋಯಿತು. ಹೊಸ ಪ್ಲಾನ್: ಲಿಸ್ಬನ್ 7 ರಾತ್ರಿ, ಅದರಲ್ಲಿ ಒಂದು ದಿನ ಸಿಂತ್ರಾ, 25ಕ್ಕೆ ಮೆರವಣಿಗೆ, ಒಂದು ದಿನ ಪೂರ್ತಿ ಏನೂ ಇಲ್ಲ. ಪೋರ್ಟೊ 5, ಅದರಲ್ಲಿ ಒಂದು ದಿನ ದೋರೊ ರೈಲು, ಒಂದು ದಿನ ಅವೇರೊ. ಬರುವಾಗ ಪೋರ್ಟೊದಿಂದಲೇ ವಾಪಸ್ ಟಿಕೆಟ್ ಸಿಗುತ್ತದಾ ನೋಡುತ್ತಿದ್ದೇವೆ. ಅತ್ತೆಗೆ ಗುಜರಾತಿ ದಾಲ್ ವಿಷಯ ಹೇಳಿದೆ, ಒಂದು ಡಬ್ಬಿ ಸಾರಿನ ಪುಡಿ ಈಗಲೇ ಪಕ್ಕಕ್ಕೆ ಇಟ್ಟಿದ್ದಾರೆ.

ಉಳಿದಿರುವುದು ಒಂದೇ ಪ್ರಶ್ನೆ. ಮಗಳಿಗೆ ಆ ಹಳದಿ ಟ್ರಾಂ ಹತ್ತಬೇಕಂತೆ, 28 ನಂಬರಿನದ್ದು. ಜೇಬುಗಳ್ಳರು ಜಾಸ್ತಿ ಅಂತಾರಲ್ಲ, ಬೇಡವಾ?

ಲಿಸ್ಬನ್_ವಾಸಿ

ಹತ್ತಿಸಿ, ಪಾಪ. ಆದರೆ ಮಾರ್ಟಿಂ ಮೊನೀಸ್‌ನಲ್ಲಿ ಹತ್ತು ಗಂಟೆಗೆ ನಿಂತರೆ ಒಂದು ಗಂಟೆ ಸಾಲು, ಒಳಗೆ ಕಾಲಿಡಲು ಜಾಗ ಇಲ್ಲ, ಕಳ್ಳರಿಗೆ ಬೇಕಾಗಿರುವುದೇ ಅದು. ಬೆಳಿಗ್ಗೆ 8ರ ಒಳಗೆ ಇನ್ನೊಂದು ತುದಿಯಿಂದ, ಕಾಂಪು ದ ಓರೀಕ್ ಕಡೆಯಿಂದ ಹತ್ತಿ. ನಾಲ್ವರಿಗೂ ಸೀಟು ಸಿಗುವ ಸಾಧ್ಯತೆ ಜಾಸ್ತಿ. ಪರ್ಸು ಮುಂದಿನ ಜೇಬಿಗೆ, ಬ್ಯಾಗು ಎದೆಗೆ. ಟ್ರಾಂನಲ್ಲಿ ದುಡ್ಡು ಕೊಟ್ಟರೆ ದರ ಜಾಸ್ತಿ, ಮೆಟ್ರೋ ನಿಲ್ದಾಣದಲ್ಲಿ ‘ನವೆಗಾಂತ್’ ಕಾರ್ಡ್ ತೆಗೆದುಕೊಳ್ಳಿ. ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್, ಒಂದರಲ್ಲೇ ಎಲ್ಲರೂ ಹೋಗಲು ಆಗುವುದಿಲ್ಲ. ಬೈಶಾದಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಗಾಂಜಾ ಬೇಕಾ ಅಂತ ಪಿಸುಗುಟ್ಟಿದರೆ ಯಜಮಾನರು ಗಾಬರಿ ಬೀಳುವುದು ಬೇಡ, ಸುಮ್ನೆ ನಡೆಯುತ್ತಾ ಹೋಗಲಿ. ಬಹಳ ಸಲ ಅದು ಒತ್ತಿ ಮಾಡಿದ ಬೇ ಎಲೆ, ಅಂದರೆ ಪಲಾವ್‌ಗೆ ಹಾಕುವ ಸಾಮಾನು.